ಕುಂಡದೊಳಗಿನ ದಾಳಿಂಬೆ

ವಿಶ್ರಾಂತಿವೇತನ ಪಡೆದು ಮನೆ ಸೇರಿದವನಿಗೆ ಏನಾದರೊಂದು ಹವ್ಯಾಸವಿರಬೇಕೆಂದು ಬಲ್ಲವರು ಹೇಳುತ್ತಾರೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ, ತಟ್ಟೆಯಂತಹ ಕುಂಡದೊಳಗೆ ಬಿಳಲು ಬಿಟ್ಟು ನಿಂತಿದ್ದ ಮೊಳದುದ್ದದ ಆಲದ ಮರವನ್ನು ಕಂಡ ದಿನವೇ ನನ್ನ ಹವ್ಯಾಸವು ನಿಶ್ಚಯವಾಯಿತು. ಇದು ಚೀನದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ವಿದ್ಯೆ. 'ಬೊನ್' ಎಂದರೆ ತಟ್ಟೆ, 'ಸಾಯ್' ಎಂದರೆ ನೆಡುವುದು. 1625ರಿಂದ ಸಾಕಿಕೊಂಡು ಬಂದ ಬಿಳಿಯ ಪೈನ್ ಮರವೊಂದು 1945ರ ಹಿರೋಷಿಮಾ ಬಾಂಬಿಗೂ ಬಗ್ಗದೆ ಉಳಿದು, 1976ರಲ್ಲಿ ಅಮೆರಿಕೆಗೆ ಉಡುಗೊರೆಯಾಗಿ ಹೋಯಿತಂತೆ. ಇಷ್ಟು ಓದಿದ ಮೇಲೆ ಸುಮ್ಮನಿರುವುದುಂಟೆ?

ಸಿದ್ಧವಾದ ಮರಕ್ಕೆ ಸಾವಿರಗಟ್ಟಲೆ ಬೆಲೆ. ಆದುದರಿಂದ ನಾನು ಬೀದಿಯ ಕೊನೆಯ ನರ್ಸರಿಗೆ ಹೋದೆನು. ಇಂತಹ ಕೆಲಸಕ್ಕೆ ಗಿಡವನ್ನು ಆರಿಸುವಾಗ ಹೂವಿಗೆ ಮರುಳಾಗಬಾರದು; ಮೇಲುಮಣ್ಣನ್ನು ಬೆರಳಿನಿಂದ ಕೆದಕಿ ಬುಡವನ್ನು ನೋಡಬೇಕು. ಬುಡ ದಪ್ಪನಾಗಿ, ಬೇರು ಸುತ್ತಲೂ ಹರಡಿದ್ದರೆ ಗಿಡಕ್ಕೆ ಮರದ ಕಳೆ ತಾನಾಗಿ ಬರುತ್ತದೆ. ಯಾರೂ ಕೊಳ್ಳದೆ ಮೂಲೆಯಲ್ಲಿ ಸೊಟ್ಟಗೆ ಬೆಳೆದಿದ್ದ ದಾಳಿಂಬೆಯೊಂದು 80 ರೂಪಾಯಿಗೆ ದೊರೆಯಿತು.

ಮಾಘದ ಚಳಿ ಹಿಂದೆಗೆದು ಚಿಗುರೊಡೆಯುವ ಮುನ್ನ ಅದರ ಬೇರಿನಲ್ಲಿ ಮೂರನೆಯ ಒಂದು ಪಾಲನ್ನು ಕತ್ತರಿಸಿ, ಕೊಂಬೆಗಳನ್ನೂ ತಕ್ಕಷ್ಟು ಸವರಿದೆನು. ಜರಡಿ ಹಿಡಿದ ಕೆಮ್ಮಣ್ಣು, ದಪ್ಪ ಮರಳು, ಇಟ್ಟಿಗೆಯ ಚೂರು, ಎಲೆಗೊಬ್ಬರ ಇವನ್ನು ಬೆರೆಸಿ, ನೀರು ನಿಲ್ಲದಂತೆ ತೂತಿದ್ದ ಕುಂಡದಲ್ಲಿ ನೆಟ್ಟೆನು. ಎರಡು ವಾರ ನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗೆ ತಂದೆನು. ಹಜಾರದ ಮೇಜಿನ ಮೇಲಿಟ್ಟರೆ ಅಂದವಾಗಿ ಕಂಡೀತು. ಆದರೆ ದಾಳಿಂಬೆ ಬಿಸಿಲಿನ ಗಿಡ, ಒಳಗಿಟ್ಟರೆ ಸೊರಗುತ್ತದೆ. ಬಲಿತ ಕೊಂಬೆ ಬಗ್ಗಿಸಿದರೆ ಮುರಿಯುವುದರಿಂದ ಎಳೆಯ ಕೊಂಬೆಗಳಿಗೆ ಮಾತ್ರ ಅಲ್ಯೂಮಿನಿಯಂ ತಂತಿಯನ್ನು ಸುತ್ತಿ ಬೇಕಾದತ್ತ ಬಾಗಿಸಿದೆನು.

ಇದನ್ನು ಕಂಡು ನಮ್ಮ ಮನೆಯಾಕೆ, "ನನ್ನ ತವರಿನ ಹಿತ್ತಲಲ್ಲಿ ದಾಳಿಂಬೆ ತನ್ನ ಪಾಡಿಗೆ ಬೆಳೆದುಕೊಂಡಿತ್ತು. ನೀವು ಇದರ ಕೈಕಾಲು ಕಟ್ಟಿ ಕೂರಿಸಿದ್ದೀರಿ. ಇದೇನು ಪಾಪವೊ!" ಎಂದಳು. "ನೀರು, ಗೊಬ್ಬರ, ಬಿಸಿಲು ಯಾವುದಕ್ಕೂ ಕೊರತೆ ಮಾಡಿಲ್ಲ. ಇದು ಹಿಂಸೆಯಲ್ಲ, ಶಿಕ್ಷಣ" ಎಂದು ನಾನು ವಾದಿಸಿದೆನು. ಆದರೆ ಮಳೆಗಾಲದಲ್ಲಿ ಕೊಂಬೆ ಬೇಗ ದಪ್ಪವಾಗುವುದೆಂಬುದನ್ನು ಮರೆತು ತಂತಿಯನ್ನು ಹಾಗೆಯೇ ಬಿಟ್ಟಿದ್ದೆನು. ಬಿಚ್ಚಿ ನೋಡಿದಾಗ ಅದು ತೊಗಟೆಯೊಳಗೆ ಹೂತು, ಹಾವು ಸುತ್ತಿದಂತೆ ಗಾಯ ಮಾಡಿತ್ತು. ಆ ಗುರುತು ಇಂದಿಗೂ ಮಾಸಿಲ್ಲ. ಆಕೆ ಏನೂ ಹೇಳಲಿಲ್ಲ, ನನಗೆ ತಲೆಯೆತ್ತುವುದಾಗಲಿಲ್ಲ.

ಮೂರು ವರ್ಷಗಳಲ್ಲಿ ಎಲೆ ಕಿರಿದಾಯಿತು, ಆಕಾರ ಬಂತು, ನೋಡಿದವರು ಹೊಗಳಿದರು. ಆದರೆ ಒಂದು ಮೊಗ್ಗೂ ಬರಲಿಲ್ಲ. ನಾಲ್ಕನೆಯ ವರ್ಷ ನನ್ನ ಎರಡು ಕಣ್ಣುಗಳಿಗೂ ಒಂದಾದ ಮೇಲೊಂದರಂತೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಎರಡು ತಿಂಗಳು ಮಣ್ಣು ಮುಟ್ಟಬಾರದೆಂದು ವೈದ್ಯರ ಕಟ್ಟಪ್ಪಣೆ. ಆಕೆ ದಿನವೂ ನೀರೆರೆದಳು. ಕತ್ತರಿಯನ್ನು ಮಾತ್ರ ಮುಟ್ಟಲಿಲ್ಲ.

ಹೊಸ ಕನ್ನಡಕ ಬಂದ ದಿನ ನನ್ನನ್ನು ಮಹಡಿಗೆ ಕರೆದೊಯ್ದಳು. ಗಿಡದ ಆಕಾರವೇನೋ ಕೆದರಿತ್ತು. ಆದರೆ ಹೊಸ ಕಡ್ಡಿಗಳ ತುದಿಯಲ್ಲಿ ಕೆಂಡದಂತಹ ಐದು ಹೂಗಳಿದ್ದವು! ಆಗ ನನಗೆ ಕಾರಣ ಹೊಳೆಯಿತು. ದಾಳಿಂಬೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ನಾನು ಅಂದಗೆಡಬಾರದೆಂದು ಮೂರು ವರ್ಷ ಆ ತುದಿಗಳನ್ನೇ ಚಿವುಟುತ್ತಿದ್ದೆನು!

ಒಂದು ಹೂವು ಕಾಯಾಯಿತು. ಗಿಡ ಕುಳ್ಳಾದರೂ ಕಾಯಿ ಅಷ್ಟು ಕುಳ್ಳಾಗುವುದಿಲ್ಲ. ಕೊಂಬೆಗೆ ಭಾರವಾದೀತೆಂದು ನಾನು ಕೀಳಹೊರಟೆನು. ಆಕೆ ಬಿಡಲಿಲ್ಲ, ಬಿದಿರುಕಡ್ಡಿಯೊಂದನ್ನು ತಂದು ಊರೆ ಕೊಟ್ಟಳು. ಕತ್ತರಿ ಈಗ ಆಕೆಯ ಪೆಟ್ಟಿಗೆಯಲ್ಲಿದೆ. ಕೇಳಿದರೆ ಕೊಡುತ್ತಾಳೆ, ಏತಕ್ಕೆಂದು ವಿಚಾರಿಸಿಕೊಂಡ ಮೇಲೆ.