ಅಮ್ಮನಿಗೊಂದು ಸ್ಲೀಪಿಂಗ್ ಬ್ಯಾಗು



ಡಿಸೆಂಬರ್ 31ರ ರಾತ್ರಿ ಭೀಮಾ ಕೋರೆಗಾಂವ್ ಬಯಲಲ್ಲಿ ಮಲಗಿದವರಿಗೆ ಆ ಚಳಿ ಎಂಥದ್ದು ಅಂತ ಗೊತ್ತು. ಹೋದ ವರ್ಷ ಯಲಹಂಕದಿಂದ ನಾವು ಆರು ಜನ ಹೋಗಿದ್ವಿ. ಅಮ್ಮನೂ ಇದ್ದಳು. ನಮ್ಮಿಬ್ಬರಿಗೆ ಎರಡು ಚಾದರ, ಒಂದು ಶಾಲು. ನಡುರಾತ್ರಿ ಎಚ್ಚರಾಗಿ ನೋಡಿದ್ರೆ ಅಮ್ಮ ಮೊಣಕಾಲು ಎದೆಗೆ ಒತ್ತಿಕೊಂಡು ಕೂತಿದ್ದಾಳೆ. "ನಿದ್ದೆ ಬರ್ತಿಲ್ಲ, ನೀನ್ ಮಲಕ್ಕೋ" ಅಂದಳು. ಹಲ್ಲು ಕಟಕಟ ಅನ್ನೋದು ನನಗೂ ಕೇಳಿಸ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ವಿಜಯಸ್ತಂಭದ ಸಾಲಲ್ಲಿ ನಿಂತಳು, ಅದು ಬೇರೆ ಮಾತು. ವಾಪಸ್ ಬಂದ ಮೇಲೆ ಹದಿನೈದು ದಿನ ಕೆಮ್ಮು. ಗುತ್ತಿಗೆ ಮೇಲೆ ಕಸ ಗುಡಿಸೋ ಹೆಂಗಸಿಗೆ ಹದಿನೈದು ದಿನ ಅಂದ್ರೆ ಅರ್ಧ ಸಂಬಳ.

ಅದಕ್ಕೇ ಈ ಸಲ "ನೀನು ಬರಬೇಡಮ್ಮ" ಅಂದೆ. ತಪ್ಪಾಯ್ತು. "1927ರಲ್ಲಿ ಬಾಬಾಸಾಹೇಬ್ರು ಅಲ್ಲಿಗೆ ಜನವರಿ 1ಕ್ಕೆ ಹೋದ್ರಾ, ಚಳಿ ಕಳೀಲಿ ಅಂತ ಏಪ್ರಿಲ್‌ಗೆ ಹೋದ್ರಾ?" ಅಂತ ಕೇಳಿದಳು. ಆ ಇಸವಿ ಹೇಳಿಕೊಟ್ಟವಳು ನಾನೇ. ಬಾಯಿ ಮುಚ್ಚಿಕೊಂಡು ಭಾನುವಾರ ಅವಳನ್ನ ಬಳ್ಳಾರಿ ರಸ್ತೆಯ ಒಂದು ದೊಡ್ಡ ಅಂಗಡಿಗೆ ಕರ್ಕೊಂಡು ಹೋದೆ. ಟ್ರೆಕ್ಕಿಂಗ್ ಮಾಡೋರು ಸಾಮಾನು ತಗೊಳ್ಳೋ ಜಾಗ.

ಹುಡುಗ ಮೊದಲು ತೋರಿಸಿದ್ದು ಮಮ್ಮಿ ಬ್ಯಾಗು. ತಲೆಗೆ ಟೋಪಿ, ಕಾಲಿನ ಕಡೆ ಚೂಪು. ಮೈಗೆ ಅಂಟಿಕೊಂಡಿರೋದ್ರಿಂದ ಬೇಗ ಬೆಚ್ಚಗಾಗುತ್ತಂತೆ, ನಿಜವೇ. ಅಮ್ಮ ಒಳಗೆ ಹೊಕ್ಕು ಜಿಪ್ ಎಳೆದುಕೊಂಡು, ಎರಡು ನಿಮಿಷ ಅಲುಗಾಡದೆ ಮಲಗಿ, "ಇದು ಹೆಣ ಸುತ್ತಿದಂಗಿದೆ ಕಣೇ, ಕಾಲು ಮಡಚಕ್ಕಾಗಲ್ಲ" ಅಂದಳು. ಹತ್ತಡಿ ರೂಮಲ್ಲಿ ಐದು ಜನ ಮಲಗ್ತಿದ್ದ ಮನೆ ನಮ್ಮದು. ನಲವತ್ತು ವರ್ಷ ಮುದುರಿಕೊಂಡೇ ಮಲಗಿದ ಮೈ ಅದು, ಈಗ ಸೊಂಟನೋವು ಬೇರೆ. ಅವಳಿಗೆ ಬೇಕಿದ್ದದ್ದು ಮಗ್ಗುಲು ಬದಲಿಸೋಕೆ ಜಾಗ.

ಆಯತಾಕಾರದ್ದು ತೆಗೆಸಿದೆ. ಇಲ್ಲಿ ಲೆಕ್ಕ ಸ್ವಲ್ಪ ತಿಳ್ಕೊಳ್ಳಿ, ಧರಣಿಗೆ ಹೋಗೋರಿಗೂ ಬೇಕಾಗುತ್ತೆ. ಚೀಟಿ ಮೇಲೆ ಮೂರು ಉಷ್ಣಾಂಶ ಇರುತ್ತೆ. ಕಂಫರ್ಟ್ ಅಂದ್ರೆ ಸಾಧಾರಣ ಹೆಂಗಸೊಬ್ಬಳು ಆರಾಮಾಗಿ ಮಲಗೋ ಮಟ್ಟ. ಲಿಮಿಟ್ ಅಂದ್ರೆ ಗಂಡಸೊಬ್ಬ ಮುದುರಿಕೊಂಡು ರಾತ್ರಿ ಕಳೆಯೋ ಮಟ್ಟ. ಎಕ್ಸ್‌ಟ್ರೀಮ್ ಅಂದ್ರೆ ಜೀವ ಉಳಿದ್ರೆ ಸಾಕು ಅನ್ನೋದು. ಕೆಲವು ಕಡೆ ದೊಡ್ಡ ಅಕ್ಷರದಲ್ಲಿ ಬರೆದಿರೋದು ಕೊನೇದನ್ನ! ನೀವು ನೋಡಬೇಕಾದ್ದು ಕಂಫರ್ಟ್ ಮಾತ್ರ. ಪುಣೆ ಕಡೆ ಆ ದಿನಗಳಲ್ಲಿ ರಾತ್ರಿ 10 ಡಿಗ್ರಿ ಆಸುಪಾಸು, ಕೆಲವೊಮ್ಮೆ ಇನ್ನೂ ಕಮ್ಮಿ. ವಯಸ್ಸಾದವರಿಗೆ ಚಳಿ ಜಾಸ್ತಿ ಅಂತ 5 ಡಿಗ್ರಿಯದ್ದು ಆರಿಸಿದೆ. ನಮ್ಮ ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ ಫ್ರೀಡಂ ಪಾರ್ಕಿಗೆ ಇಷ್ಟು ಬೇಡ, 10ರದ್ದು ಸಾಕು. ಒಳಗೆ ಹಕ್ಕಿ ತುಪ್ಪಳ ಇರೋದು ಹಗುರ, ಬೆಚ್ಚಗೆ, ಆದರೆ ಇಬ್ಬನಿಗೆ ನೆನೆದ್ರೆ ಮುದ್ದೆಯಾಗುತ್ತೆ, ರೇಟೂ ಜಾಸ್ತಿ. ಸಿಂಥೆಟಿಕ್ ತಗೊಂಡೆ.

ಹುಡುಗ ಅಷ್ಟಕ್ಕೇ ಬಿಡಲಿಲ್ಲ. "ಆಂಟಿ, ಕೆಳಗೆ ಮ್ಯಾಟ್ ಇಲ್ದೆ ಇದು ವೇಸ್ಟು. ನಿಮ್ಮ ಭಾರಕ್ಕೆ ಕೆಳಗಿನ ಹತ್ತಿಯೆಲ್ಲಾ ಅಮುಕಿಹೋಗುತ್ತೆ, ನೆಲ ಶಾಖ ಎಳ್ಕೊಳ್ಳುತ್ತೆ" ಅಂದ. ನಾನು ಇದೂ ಒಂದು ವ್ಯಾಪಾರದ ಮಾತು ಅಂದ್ಕೊಂಡೆ. ಅಮ್ಮ ಅವನ ಕಡೆ ತಿರುಗಿ, "ನಮ್ಮಪ್ಪನೂ ಇದೇ ಹೇಳ್ತಿದ್ದ" ಅಂದಳು.

ತಾತ ದೊಡ್ಡಬಳ್ಳಾಪುರದ ಕಡೆ ಜೀತಕ್ಕಿದ್ದವನು. ಅದು 1976ರ ಕಾಯ್ದೆಗೆ ಮುಂಚಿನ ಮಾತು. ರಾಗಿ ಒಕ್ಕಣೆ ಕಾಲದಲ್ಲಿ ಗೌಡರ ಕಣ ಕಾಯೋದು ಅವನ ಪಾಲಿಗೆ. ಕೊರೆಯೋ ಚಳಿ, ಕಂಬಳಿ ಕೊಡ್ತಿರಲಿಲ್ಲ. ಅವರ ಕಂಬಳಿ ಇವನು ಮುಟ್ಟಿದ್ರೆ ಮೈಲಿಗೆ, ಇವನಿಗೆ ಅಂತ ಇನ್ನೊಂದು ತರೋರು ಯಾರು? ಎರಡು ಗೋಣಿಚೀಲ. ಅಮ್ಮ ಊಟ ತಗೊಂಡು ಹೋದಾಗ ನೋಡಿದ್ಲಂತೆ: ಒಂದೊಂದು ಸಲ ಎರಡೂ ಚೀಲ ಕೆಳಗೇ ಹಾಕಿ, ಅದರಡಿ ಮೊಣಕಾಲುದ್ದ ಹುಲ್ಲು ಹಾಸಿ, ಮೇಲೆ ಬರೀ ಹುಲ್ಲು ಎಳ್ಕೊಂಡು ಮಲಗಿರ್ತಿದ್ದ. "ಮೊದ್ಲು ನೆಲ ನೋಡ್ಕೋಬೇಕು ಮಗಾ, ಆಕಾಶ ಆಮೇಲೆ" ಅಂತಿದ್ದನಂತೆ. ಇದನ್ನ ಅವಳು ನನಗೆ ಇಷ್ಟು ವರ್ಷದಲ್ಲಿ ಹೇಳಿರಲಿಲ್ಲ. ಆ ಅಂಗಡಿಯಲ್ಲಿ, ಬಣ್ಣಬಣ್ಣದ ಟೆಂಟುಗಳ ನಡುವೆ ನಿಂತು ಹೇಳಿದಳು. ಹುಡುಗ ಸುಮ್ಮನಾದ. ನಾನೂ.

ಮ್ಯಾಟೂ ಸೇರಿ ನಾಲ್ಕು ಸಾವಿರ ಆಯ್ತು. ಬಿಲ್ ನೋಡಿ ಅಮ್ಮ ಬೈದಳು, ಬೈತಾನೇ ಬ್ಯಾಗನ್ನ ಕಂಕುಳಲ್ಲಿ ಇಟ್ಕೊಂಡಳು. ಅಗಲದ ಬ್ಯಾಗಿಗೆ ಒಂದು ತೊಂದರೆ ಇದೆ: ಒಳಗಿನ ಖಾಲಿ ಜಾಗ ಬೆಚ್ಚಗಾಗೋಕೆ ಹೊತ್ತು ಹಿಡಿಯುತ್ತೆ. ಕಾಲಿನ ಕಡೆ ಒಣಗಿದ ಬಟ್ಟೆ ತುರುಕಿ, ತಲೆಗೆ ಕುಲಾವಿ ಹಾಕಿ. ಜಿಪ್ ಪೂರ್ತಿ ಬಿಚ್ಚಿದ್ರೆ ರಜಾಯಿ ಥರ ಇಬ್ಬರು ಹೊದೀಬಹುದು.

30ರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಹೊರಡ್ತಿದ್ದೀವಿ. ಬರೋರು ಇನ್‌ಬಾಕ್ಸ್ ಮಾಡಿ. ಬ್ಯಾಗು ಕೊಳ್ಳೋಕೆ ಆಗದಿದ್ರೆ ಪರವಾಗಿಲ್ಲ, ಎರಡು ಕಂಬಳಿ ತನ್ನಿ. ಕೆಳಗೆ ಹಾಸೋಕೆ ದಪ್ಪ ರಟ್ಟು, ಗೋಣಿಚೀಲ ಏನಾದ್ರೂ ಸರಿ, ಅದನ್ನ ಮಾತ್ರ ಮರೀಬೇಡಿ. ರಟ್ಟಿನ ಪೆಟ್ಟಿಗೆ ಯಶವಂತಪುರ ಮಾರ್ಕೆಟ್ಟಲ್ಲಿ ಸಿಗುತ್ತೆ, ಶನಿವಾರ ನಾನೇ ಹೋಗಿ ತರ್ತೀನಿ.