ಲುವಾಂಗ್ವಾ ನದಿಯ ದಡದ ಪಕ್ಷಿಗಳು

ಆಫ್ರಿಕಾ ಖಂಡದ ಅರಣ್ಯಸಂಚಾರವೆಂದರೆ ಸಿಂಹವನ್ನೂ ಆನೆಯನ್ನೂ ನೋಡಿಬರುವುದೆಂದೇ ನಮ್ಮವರಲ್ಲಿ ಬಹುಮಂದಿಯ ಭಾವನೆ. ಆ ಮೃಗಗಳ ವರ್ಣನೆಯನ್ನು ವಾಚಕರು ಬೇಕಾದಷ್ಟು ಓದಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಜಾಂಬಿಯಾ ದೇಶದ ಲುವಾಂಗ್ವಾ ನದಿಯ ದಡದಲ್ಲಿ ಅಕ್ಟೋಬರು ತಿಂಗಳ ಮೊದಲ ವಾರವನ್ನು ನಾವು ಕಳೆದುದು ಹಕ್ಕಿಗಳಿಗಾಗಿಯೇ.

ಲುವಾಂಗ್ವಾ ನದಿಯು ಆ ದೇಶದ ಈಶಾನ್ಯದ ಬೆಟ್ಟಗಳಲ್ಲಿ ಹುಟ್ಟಿ, 700 ಕಿಲೋಮೀಟರಿಗೂ ಮಿಕ್ಕು ಹರಿದು ಜಾಂಬೆಜಿ ಮಹಾನದಿಯನ್ನು ಸೇರುತ್ತದೆ. ಅದರ ನಡುಭಾಗದ ಪಶ್ಚಿಮ ದಡದಲ್ಲಿ ಹರಡಿರುವ ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನದ ವಿಸ್ತಾರ 9,050 ಚದರ ಕಿಲೋಮೀಟರು. 1972ರಲ್ಲಿ ಅದಕ್ಕೆ ಈ ಹೆಸರು ಬಂದಿತು. ಆದರೆ ಇಲ್ಲಿಗೆ ಪ್ರವಾಸಿಗಳು ಬರತೊಡಗಿದುದು ಅದಕ್ಕೂ ಮೊದಲೇ. 1950ರಲ್ಲಿ ನಾರ್ಮನ್ ಕಾರ್ ಎಂಬವರು ನ್ಸೆಫು ಸೀಮೆಯ ಒಡೆಯನ ಒಪ್ಪಿಗೆ ಪಡೆದು, ಬೇಟೆಗಲ್ಲದೆ ಬರಿಯ ನೋಟಕ್ಕಾಗಿ ಬರುವವರಿಗೆಂದು ಶಿಬಿರವೊಂದನ್ನು ಹೂಡಿದ್ದರು. ಕಾಲ್ನಡಿಗೆಯಿಂದ ಕಾಡು ನೋಡುವ ಪದ್ಧತಿಯೂ ಅವರಿಂದಲೇ ಇಲ್ಲಿ ಬೇರೂರಿತು. ನಡೆಯುವವರ ಮುಂದೆ ಬಂದೂಕು ಹಿಡಿದ ಕಾವಲುಗಾರನೊಬ್ಬನು ಇರಲೇಬೇಕು. ನೀರ್ಗುದುರೆಗಳು ಹಿಂಡುಹಿಂಡಾಗಿ ತುಂಬಿರುವ ಈ ನದಿಯ ಪಕ್ಕದಲ್ಲಿ ಆ ನಿಯಮವು ಯಾರಿಗೂ ಹೆಚ್ಚೆಂದು ತೋರಲಾರದು.

ಮಳೆಗಾಲ ಕಳೆದು ಆರು ತಿಂಗಳಾದುದರಿಂದ ಹೊಳೆ ಬಡವಾಗಿತ್ತು. ಮರಳುದಿಣ್ಣೆಗಳ ಮೇಲೆ ಟಿಟ್ಟಿಭಗಳು ಕೂಗಾಡುತ್ತಿದ್ದುವು. ಮೇಲ್ಕೊಕ್ಕಿಗಿಂತ ಕೆಳಕೊಕ್ಕು ಉದ್ದವಾಗಿರುವ ವಿಚಿತ್ರ ಪಕ್ಷಿಯೊಂದು ಆ ಕೊಕ್ಕಿನ ತುದಿಯಿಂದ ನೀರನ್ನು ಗೆರೆಯೆಳೆದಂತೆ ಸೀಳುತ್ತ ಹಾರಿಹೋಯಿತು. ಜಾಂಬಿಯಾದ ಬಾವುಟದ ಮೇಲೆ ಚಿತ್ರಿತವಾಗಿರುವ ಮೀನುಗಿಡುಗವು ಒಣಮರದ ತುದಿಯಲ್ಲಿ ಕುಳಿತು, ತಲೆಯನ್ನು ಹಿಂದಕ್ಕೆ ಚೆಲ್ಲಿ ಕೂಗುವುದನ್ನು ದಿನವೂ ಕೇಳಿದೆವು. ನಮ್ಮ ಕೆರೆಗಳಲ್ಲಿ ಕಾಣುವ ಕಪ್ಪು ಬಿಳುಪಿನ ಮಿಂಚುಳ್ಳಿಯೇ ಇಲ್ಲಿಯೂ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತಿದ್ದುದನ್ನು ಕಂಡು, ಪರದೇಶದಲ್ಲಿ ಊರಿನವರನ್ನು ಕಂಡಷ್ಟು ಹಿಗ್ಗಾಯಿತು.

ಆದರೆ ನಾವು ಮುಖ್ಯವಾಗಿ ನೋಡಬಂದುದು ಕೆಂಪು ಕಳ್ಳಿಪೀರಗಳನ್ನು. ಮೈಯೆಲ್ಲ ಇಂದ್ರಗೋಪದ ಕೆಂಪು, ನೆತ್ತಿಯ ಮೇಲೆ ನೀಲಿಹಸುರು, ಬಾಲದ ನಡುವೆ ಎರಡು ನೀಳವಾದ ಗರಿಗಳು. ಆಗಸ್ಟು ಕೊನೆಯ ಹೊತ್ತಿಗೆ ಇವು ಭೂಮಧ್ಯರೇಖೆಯ ಕಡೆಯಿಂದ ಇಲ್ಲಿಗೆ ಬಂದು, ಕಡಿದಾದ ಮಣ್ಣಿನ ದಡದಲ್ಲಿ ಒಂದೆರಡು ಮೀಟರು ಉದ್ದದ ಬಿಲ ಕೊರೆದು, ಅದರ ಕೊನೆಯಲ್ಲಿ ಬಿಳಿಯ ಮೊಟ್ಟೆಗಳನ್ನಿಡುತ್ತವೆ. ಮರಿಗಳು ಹಾರಬಲ್ಲವಾದ ಮೇಲೆ ಮೊದಲು ಇನ್ನೂ ದಕ್ಷಿಣಕ್ಕೆ ಹೋಗಿ, ಕೆಲವು ತಿಂಗಳು ಕಳೆದು ಉತ್ತರಕ್ಕೆ ಮರಳುತ್ತವೆ. ಎದುರುದಡದ ಮರಳಿನ ಮೇಲೆ ಕುಳಿತು ದುರ್ಬೀನಿನಿಂದ ನೋಡಿದಾಗ, ದಡವೆಲ್ಲ ಜರಡಿಯಂತೆ ತೂತುಬಿದ್ದಿದ್ದಿತು; ಪ್ರತಿಯೊಂದು ತೂತಿಗೂ ಹೋಗುವವರೂ ಬರುವವರೂ ಎಡೆಬಿಡದೆ ಇದ್ದರು. ಉಡವೊಂದು ಮೇಲಿನಿಂದ ಇಳಿಯಲು ಯತ್ನಿಸಿದಾಗ ನೂರಾರು ಹಕ್ಕಿಗಳು ಒಮ್ಮೆಗೇ ಮೇಲೆದ್ದುವು. ಕಡಿದಾದ ಮಣ್ಣಿನಲ್ಲಿ ಹಿಡಿತ ಸಿಕ್ಕದೆ ಅದು ಹಿಂತಿರುಗಿತು.

ಮೂರನೆಯ ದಿನದ ಮಧ್ಯಾಹ್ನ ಆನೆಗಳ ಗುಂಪೊಂದು ನೀರಿಗಿಳಿಯಲು ಆ ದಡದ ಅಂಚಿಗೆ ಬಂದಿತು. ಮುಂದಿನ ಹೆಣ್ಣಾನೆ ಕಾಲಿಟ್ಟೊಡನೆ ಅಂಚು ಬಿರುಕುಬಿಟ್ಟು, ಎತ್ತಿನಗಾಡಿಯಷ್ಟು ಗಾತ್ರದ ಮಣ್ಣು ಹೊಳೆಗೆ ಬಿದ್ದಿತು. ಆನೆ ಹಿಂಜರಿದು ಉಳಿಯಿತು. ಧೂಳಡಗಿದ ಮೇಲೆ ನೋಡಿದರೆ ಇಪ್ಪತ್ತರಷ್ಟು ಬಿಲಗಳ ಗುರುತೂ ಇರಲಿಲ್ಲ. ಕೊಕ್ಕಿನಲ್ಲಿ ಏರೋಪ್ಲೇನುಹುಳುವನ್ನು ಹಿಡಿದು ಬಂದ ಹಕ್ಕಿಯೊಂದು, ಬಾಗಿಲಿದ್ದ ಎಡೆಯಲ್ಲಿ ಗಾಳಿಯಲ್ಲೇ ನಿಂತು, ಸುತ್ತಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದ್ದಿತು. ಅರ್ಧಗಂಟೆಯವರೆಗೂ ಅದು ಆ ಹುಳುವನ್ನು ನುಂಗಲಿಲ್ಲ. ನಮ್ಮೊಡನಿದ್ದ ಮಗಳು ದುರ್ಬೀನನ್ನು ಕೆಳಗಿಟ್ಟು, ಇನ್ನು ನೋಡಲಾರೆನೆಂದಳು.

ಆಗ ನಮ್ಮ ದಾರಿತೋರುಗನು ಹೇಳಿದ ಮಾತು ನಮಗೆ ಹೊಸದಾಗಿತ್ತು. ಅವನು ಆ ಸೀಮೆಯ ಕುಂಡಾ ಜನಾಂಗದವನು. ಚಿಕ್ಕಂದಿನಿಂದ ಹೊಳೆಯನ್ನು ಬಲ್ಲವನು. ದಡ ಕುಸಿಯದಿದ್ದರೆ ಈ ಹಕ್ಕಿಗೆ ಮನೆಯೇ ಇಲ್ಲ ಎಂದನು ಅವನು. ಪ್ರವಾಹವು ದಡವನ್ನು ಕೊರೆದಾಗಲೇ ಹುಲ್ಲುಪೊದೆಗಳಿಲ್ಲದ ಹೊಸ ಗೋಡೆ ದೊರೆಯುವುದು. ಹಳೆಯ ದಡವು ಇಳಿಜಾರಾದರೆ ಉಡವೂ ಹಾವೂ ಸುಲಭವಾಗಿ ಏರಿಬರುವುವು. ಹೊಳೆ ತನ್ನ ಮನಸ್ಸಿನಂತೆ ಹರಿಯುವುದೇ ಇವಕ್ಕೆ ರಕ್ಷೆ.

ಜಾಂಬೆಜಿಗೂ ಕಫುವೆಗೂ ದೊಡ್ಡ ಅಣೆಕಟ್ಟುಗಳಾಗಿವೆ. ಲುವಾಂಗ್ವಾ ನದಿಯ ಪ್ರವಾಹವನ್ನು ಅಂತಹ ಕಟ್ಟೆ ತಡೆದಿಲ್ಲ. ಕೆಳಗಡೆಯ ನ್ದೆವು ಕಣಿವೆಯಲ್ಲಿ ವಿದ್ಯುತ್ತಿಗಾಗಿ ಅಣೆ ಕಟ್ಟುವ ಯೋಚನೆಯೊಂದಿದ್ದು, 2019ರಲ್ಲಿ ಸರಕಾರವು ಅದನ್ನು ಕೈಬಿಟ್ಟಿತು. ವಿದ್ಯುತ್ತಿಲ್ಲದ ಹಳ್ಳಿಗಳನ್ನು ದಾರಿಯಲ್ಲಿ ಕಂಡುಬಂದ ನಾವು ಆ ಯೋಚನೆಯನ್ನು ಹಗುರವಾಗಿ ಹಳಿಯಲಾರೆವು. ಆದರೂ ಶ್ರೀರಂಗಪಟ್ಟಣದ ಸುತ್ತಿನ ಕಾವೇರಿ ದಡಗಳಲ್ಲಿ ಬೇಸಗೆಯಲ್ಲಿ ಗೂಡುಮಾಡುವ ನೀಲಿಬಾಲದ ಕಳ್ಳಿಪೀರಗಳ ನೆನಪಾಯಿತು. ಅವೂ ಇದೇ ವಂಶದವು; ಅವಕ್ಕೂ ಬೇಕಾದುದು ಕೊರೆಯಬಲ್ಲ ಮಣ್ಣಿನ ಗೋಡೆಯೇ.

ಮರುದಿನ ಬೆಳಗ್ಗೆ ಮಗಳೇ ಮೊದಲು ಎದ್ದು ಹೊರಟಳು. ಕುಸಿದೆಡೆಯ ಹಸಿಮಣ್ಣಿನ ಮೇಲೆ ನಾಲ್ಕೈದು ಹಕ್ಕಿಗಳು ಗೋಡೆಗೆ ಅಂಟಿಕೊಂಡು ಕೊಕ್ಕಿನಿಂದ ಕುಟ್ಟುತ್ತಿದ್ದುವು. ಅವು ಹಿಂದಿನ ದಿನ ಮನೆ ಕಳೆದುಕೊಂಡವೋ ಬೇರೆಯವೋ ತಿಳಿಯುವಂತಿರಲಿಲ್ಲ. ನವಂಬರಿನ ಮಳೆಗೆ ಇನ್ನು ಹೆಚ್ಚು ದಿನಗಳಿರಲಿಲ್ಲ.