ತೇಲುವ ಊರಿನ ಊಟ, ಮಾಣಿಯ ಪಾಲು

ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿ ನಗರಕ್ಕೆ ತಾಗಿಕೊಂಡೇ ಬಿಸ್ಕೇನ್ ಎಂಬ ಕೊಲ್ಲಿಯಿದೆ. ಆ ಕೊಲ್ಲಿಯ ಡಾಡ್ಜ್ ದ್ವೀಪದಲ್ಲಿ ಮಯಾಮಿಯ ಬಂದರು. ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ನೀರಿನ ಮೇಲೆ ಎದ್ದು ನಿಂತ ಬಿಳಿಯ ಗೋಡೆಗಳು. ಸಾಲುಸಾಲು ಬಾಲ್ಕನಿಗಳು, ಮೇಲೆ ನೀರಿನಾಟದ ಬಣ್ಣಬಣ್ಣದ ಕೊಳವೆಗಳು. ಬೆಂಗಳೂರಿನ ಒಂದು ಬಡಾವಣೆಯನ್ನೇ ಕಿತ್ತು ತಂದು ಕಡಲಿಗೆ ಇಳಿಸಿದ ಹಾಗೆ!

ಈ ಬಂದರಿನಿಂದ ಹೊರಡುವ ಹಡಗುಗಳಲ್ಲಿ ಒಂದು 'ಐಕಾನ್ ಆಫ್ ದ ಸೀಸ್'. ಫಿನ್‌ಲೆಂಡಿನ ತುರ್ಕು ನಗರದಲ್ಲಿ ಕಟ್ಟಿದ ಈ ಹಡಗು 2024ರ ಜನವರಿ 27ರಂದು ಪ್ರಯಾಣಿಕರನ್ನು ಹೊತ್ತು ಮೊದಲ ಯಾನಕ್ಕೆ ಹೊರಟಾಗ ಜಗತ್ತಿನ ಅತಿ ದೊಡ್ಡ ಪ್ರವಾಸಿ ಹಡಗು ಎನಿಸಿತ್ತು. ಉದ್ದ ಸುಮಾರು 365 ಮೀಟರ್, ಅಂತಸ್ತು 20, ಒಟ್ಟು ಟನ್ನೇಜು 2,48,663. ಇಲ್ಲಿ ಟನ್ನೇಜು ಎಂದರೆ ತೂಕ ಎಂದು ವಿದ್ಯಾರ್ಥಿಗಳು ತಿಳಿಯಬಾರದು. ಅದು ಹಡಗಿನ ಒಳಗಿನ ಗಾತ್ರದ ಅಳತೆ. 1912ರಲ್ಲಿ ಮುಳುಗಿದ ಟೈಟಾನಿಕ್ಕಿನ ಟನ್ನೇಜು 46,328. ಅಂದರೆ ಇದು ಅದರ ಐದು ಪಟ್ಟಿಗೂ ಹೆಚ್ಚು. ಪೂರ್ತಿ ಭರ್ತಿಯಾದರೆ 7,600 ಪ್ರಯಾಣಿಕರು, ಅವರ ಸೇವೆಗೆ 2,350 ಸಿಬ್ಬಂದಿ.

ಸಂಜೆಯ ಹೊತ್ತಿಗೆ ಹಡಗು 'ಗವರ್ನಮೆಂಟ್ ಕಟ್' ಎಂಬ ಕಾಲುವೆಯೊಳಗೆ ಮೆಲ್ಲಗೆ ಸಾಗುತ್ತದೆ. ಎಡಕ್ಕೆ ಸೌತ್ ಬೀಚಿನ ಮರಳು, ಬಲಕ್ಕೆ ಫಿಷರ್ ದ್ವೀಪ. ದಡದಲ್ಲಿರುವವರು ಕೈ ಬೀಸುತ್ತಾರೆ. ಊರು ಹಿಂದೆ ಸರಿಯುತ್ತದೆ. ಮುಂದೆ ಬರೀ ನೀಲಿ. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಹಸಿವು!

ಅಪ್ಪನ ಪ್ರಶ್ನೆ

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮಕ್ಕಳು ಊರಿನಿಂದ ಬಂದ ಅಪ್ಪ ಅಮ್ಮನನ್ನು ಇಂಥ ಹಡಗಿಗೆ ಕರೆದೊಯ್ಯುವುದು ಈಗ ಅಪರೂಪವಲ್ಲ. ಟಿಕೆಟ್ಟಿನಲ್ಲೇ ಕೋಣೆ, ಊಟ, ತಿಂಡಿ ಎಲ್ಲ ಸೇರಿರುತ್ತದೆ. ದೊಡ್ಡ ಭೋಜನಶಾಲೆಯಲ್ಲಿ, ಬಫೆಯಲ್ಲಿ ಎಷ್ಟು ತಿಂದರೂ ಕೇಳುವವರಿಲ್ಲ. ಆದರೆ ಇದರ ಹೊರಗೆ 'ವಿಶೇಷ' ಊಟದ ಮನೆಗಳಿವೆ. ಇಟಲಿಯ ಅಡುಗೆಗೆ ಒಂದು, ಜಪಾನಿನ ಸುಶಿಗೆ ಒಂದು, ಮಾಂಸದ ಸುಟ್ಟಡುಗೆಗೆ ಒಂದು, ಎಂಟು ಬಗೆಯ ಭಕ್ಷ್ಯಗಳನ್ನು ಒಂದಾದ ಮೇಲೊಂದರಂತೆ ವಾದ್ಯಸಂಗೀತದೊಂದಿಗೆ ಬಡಿಸುವ ಸಣ್ಣ ಕೋಣೆ ಇನ್ನೊಂದು. ಇವುಗಳಿಗೆ ತಲೆಗೆ ಇಷ್ಟು ಎಂದು ಬೇರೆ ಹಣ ಕೊಡಬೇಕು. ಅದಕ್ಕೆ 'ಕವರ್ ಚಾರ್ಜ್' ಎನ್ನುತ್ತಾರೆ.

ಮಗ ಆಸೆಯಿಂದ ಅಪ್ಪ ಅಮ್ಮನನ್ನು ಅಲ್ಲಿಗೆ ಕರೆದೊಯ್ಯುತ್ತಾನೆ. ಊಟವೇನೋ ಸೊಗಸು. ಕೊನೆಗೆ ಚರ್ಮದ ಮಡಿಕೆಯಲ್ಲಿ ಬಿಲ್ಲು ಬರುತ್ತದೆ. ಕನ್ನಡಕ ಏರಿಸಿ ಓದಿದ ಅಪ್ಪನ ಪ್ರಶ್ನೆ: "ಊಟದ ದುಡ್ಡು ಸರಿ. ಈ ಹದಿನೆಂಟು ಪರ್ಸೆಂಟು ಏನೋ? ಕೆಳಗೆ ಟಿಪ್ಸು ಅಂತ ಮತ್ತೆ ಖಾಲಿ ಗೆರೆ ಬೇರೆ ಬಿಟ್ಟಿದ್ದಾರಲ್ಲ?"

ಅಪ್ಪನ ಗೊಂದಲದಲ್ಲಿ ತಪ್ಪೇನೂ ಇಲ್ಲ. ನಮ್ಮ ಹೋಟೆಲುಗಳಲ್ಲಿ ಟಿಪ್ಸ್ ಎಂದರೆ ಸೋಂಪಿನ ತಟ್ಟೆಯಲ್ಲಿ ಬಿಟ್ಟು ಬರುವ ಚಿಲ್ಲರೆ. ಕೊಟ್ಟರೆ ಮಾಣಿ ನಗುತ್ತಾನೆ, ಕೊಡದಿದ್ದರೆ ಲೋಟ ಎತ್ತಿಕೊಂಡು ಹೋಗುತ್ತಾನೆ. ಹೋಟೆಲುಗಳು ಬಿಲ್ಲಿನಲ್ಲಿ ತಾವಾಗಿಯೇ ಸೇವಾಶುಲ್ಕ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು; 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಭಾರತದಲ್ಲಿ ಗ್ರಾಹಕ 'ಇದನ್ನು ತೆಗೆಯಿರಿ' ಎಂದರೆ ಅದು ಅವನ ಹಕ್ಕು. ಆದರೆ ಮಯಾಮಿಯಿಂದ ಹೊರಟ ಆ ಹಡಗಿನ ಬೆನ್ನಿನ ಮೇಲೆ ಬರೆದಿರುವ ಊರು ಬಹಾಮಾಸ್ ದೇಶದ ನಸ್ಸೌ. ಅಲ್ಲಿನ ಲೆಕ್ಕವೇ ಬೇರೆ.

ಲಕೋಟೆಯ ಕಾಲ

ಹಡಗಿನಲ್ಲಿ ಬೇರೆ ಹಣ ಕೊಟ್ಟು ವಿಶೇಷ ಊಟ ಮಾಡುವ ಪದ್ಧತಿಗೆ ನೂರು ವರ್ಷ ದಾಟಿದೆ. 1905ರಲ್ಲಿ ಜರ್ಮನಿಯ 'ಅಮೆರಿಕಾ' ಎಂಬ ಹಡಗಿನಲ್ಲಿ ಪ್ರಸಿದ್ಧ ಹೋಟೆಲಿಗ ಸೆಸಾರ್ ರಿಟ್ಜ್ ಹೆಸರಿನ ಭೋಜನಶಾಲೆ ತೆರೆಯಿತು. ಟೈಟಾನಿಕ್ಕಿನಲ್ಲೂ ಮೊದಲ ದರ್ಜೆಯವರಿಗಾಗಿ ಇಂಥದೊಂದು ಇತ್ತು. ಅದನ್ನು ನಡೆಸುತ್ತಿದ್ದವನು ಲುಯಿಜಿ ಗಟ್ಟಿ ಎಂಬ ಇಟಲಿಯವನು. ಅಡುಗೆಯವರು, ಬಡಿಸುವವರು ಸೇರಿ ಅರವತ್ತಕ್ಕೂ ಹೆಚ್ಚು ಮಂದಿ ಅವನ ಕೈಕೆಳಗಿನ ನೌಕರರು, ಹಡಗಿನ ಕಂಪನಿಯವರಲ್ಲ.

ಹಡಗು ಮುಳುಗಿದ ರಾತ್ರಿ ಅವರಲ್ಲಿ ಬದುಕಿ ಉಳಿದವರು ಮೂವರೇ. ಇಬ್ಬರು ಹಣ ಎಣಿಸುವ ಮಹಿಳೆಯರು, ಇನ್ನೊಬ್ಬ ಮುಖ್ಯ ಬಾಣಸಿಗನ ಕಾರ್ಯದರ್ಶಿ ಪಾಲ್ ಮೋಝೆ. ಭೋಜನಶಾಲೆಯ ನೌಕರರನ್ನು ದೋಣಿಗಳಿರುವ ಅಂತಸ್ತಿಗೆ ಹೋಗಲು ಬಿಡಲಿಲ್ಲವೆಂದೂ, ತಾನು ಸಮವಸ್ತ್ರದಲ್ಲಿರದೆ ಪ್ರಯಾಣಿಕನಂತೆ ಕಂಡದ್ದರಿಂದ ಪಾರಾದೆನೆಂದೂ ಮೋಝೆ ಬ್ರಿಟನ್ನಿನ ವಿಚಾರಣೆಯಲ್ಲಿ ಸಾಕ್ಷಿ ನುಡಿದ. ಬಡಿಸುವ ಕೈಗಳು ಯಾರ ಲೆಕ್ಕಕ್ಕೂ ಸೇರದೆ ಹೋಗುವುದು ಹೀಗೆ.

ಮುಂದೆ ಪ್ರವಾಸಿ ಹಡಗುಗಳು ಹೆಚ್ಚಿದವು. ಆಗಿನ ಕ್ರಮದಲ್ಲಿ ಒಂದು ಕುಟುಂಬಕ್ಕೆ ಯಾನವಿಡೀ ಒಂದೇ ಮೇಜು, ಅದೇ ಮಾಣಿ, ಅವನಿಗೊಬ್ಬ ಸಹಾಯಕ. ಕೊನೆಯ ರಾತ್ರಿ ಪ್ರಯಾಣಿಕರು ಲಕೋಟೆಗಳಲ್ಲಿ ಹಣ ಹಾಕಿ ಮಾಣಿಗೊಂದು, ಸಹಾಯಕನಿಗೊಂದು, ಕೋಣೆ ಗುಡಿಸಿದವನಿಗೊಂದು ಎಂದು ಕೈಗೆ ಕೊಡುತ್ತಿದ್ದರು. ಕೆಲವರು ಆ ರಾತ್ರಿ ಊಟಕ್ಕೇ ಬಾರದೆ ತಪ್ಪಿಸಿಕೊಳ್ಳುತ್ತಿದ್ದದ್ದೂ ಉಂಟು!

2000ದಲ್ಲಿ ನಾರ್ವೀಜಿಯನ್ ಕಂಪನಿ ಯಾವ ಹೊತ್ತಿಗಾದರೂ ಎಲ್ಲಿ ಬೇಕಾದರೂ ಊಟ ಮಾಡಬಹುದೆಂಬ ಪದ್ಧತಿ ತಂದಿತು. ಮೇಜು ದಿನಕ್ಕೊಂದಾಯಿತು, ಮಾಣಿಯೂ ದಿನಕ್ಕೊಬ್ಬನಾದ. ಇನ್ನು ಲಕೋಟೆ ಯಾರಿಗೆ? ಹಡಗಿನೊಳಗೆ ನಗದೂ ಮಾಯವಾಗಿ, ಕೋಣೆಯ ಬೀಗ ತೆರೆಯುವ ಕಾರ್ಡೇ ಹಣದ ಚೀಲವಾಯಿತು. ಹೀಗೆ ಲಕೋಟೆ ಹೋಗಿ, ದಿನಕ್ಕೆ ತಲೆಗಿಷ್ಟು ಎಂದು ಖಾತೆಗೆ ತಾನಾಗಿ ಬೀಳುವ ಟಿಪ್ಸ್ ಬಂತು. ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ಇದು ಈಗ ತಲೆಗೆ ದಿನಕ್ಕೆ 16ರಿಂದ 20 ಡಾಲರಿನ ಆಸುಪಾಸು. ವಿಶೇಷ ಊಟ, ಪಾನೀಯಗಳ ಬಿಲ್ಲಿಗೆ ಶೇ. 18ರಿಂದ 20ರಷ್ಟು ಸೇರಿಸುವುದು ಸಾಮಾನ್ಯ.

ಲೆಕ್ಕದ ಪಾಠ

ನಾಲ್ಕು ಜನರ ಕುಟುಂಬ, ಏಳು ರಾತ್ರಿಯ ಯಾನ, ದಿನಕ್ಕೆ 18 ಡಾಲರ್ ಎಂದು ಇಟ್ಟುಕೊಂಡರೆ ದಿನದ ಟಿಪ್ಸ್ ಮೊತ್ತವೇ 504 ಡಾಲರ್. ಹಡಗು ಹತ್ತುವ ಮೊದಲೇ ಬಜೆಟ್ಟಿನಲ್ಲಿ ಇದನ್ನು ಸೇರಿಸಿಕೊಳ್ಳಬೇಕು.

ಈಗ ವಿಶೇಷ ಊಟ. ತಲೆಗೆ 60 ಡಾಲರಿನಂತೆ ನಾಲ್ವರಿಗೆ 240. ಶೇ. 18ರ ಸೇವಾಶುಲ್ಕ 43 ಡಾಲರ್ 20 ಸೆಂಟ್. ಒಟ್ಟು 283 ಡಾಲರ್ 20 ಸೆಂಟ್. ಇದನ್ನು ಗಮನಿಸದೆ ಖಾಲಿ ಗೆರೆಯ ಮೇಲೆ ಮತ್ತೆ ಶೇ. 20 ಎಂದು 48 ಡಾಲರ್ ಬರೆದರೆ ಟಿಪ್ಸ್ 91 ಡಾಲರ್ 20 ಸೆಂಟ್ ಆಗುತ್ತದೆ. ಅಂದರೆ ಊಟದ ಬೆಲೆಯ ಶೇ. 38! ಗೊತ್ತಿದ್ದು ಕೊಟ್ಟರೆ ಔದಾರ್ಯ. ಗೊತ್ತಿಲ್ಲದೆ ಕೊಟ್ಟರೆ ಎರಡು ಸಲ ಕೊಟ್ಟ ಹಾಗೆ. ಆದ್ದರಿಂದ ಮೊದಲ ನಿಯಮ: ಬಿಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಓದಬೇಕು. ಸೇವಾಶುಲ್ಕದ ಸಾಲು ಇದ್ದರೆ ಖಾಲಿ ಗೆರೆಗೆ ಅಡ್ಡಗೀಟು ಹಾಕಿ ಸಹಿ ಮಾಡಿದರೆ ಸಾಕು. ಯಾರೂ ಮುಖ ಸಿಂಡರಿಸುವುದಿಲ್ಲ.

ಎಲ್ಲ ಹಡಗಿನ ಪದ್ಧತಿಯೂ ಒಂದೇ ಅಲ್ಲ. ಸಿಲ್ವರ್‌ಸೀ, ಸೀಬೋರ್ನ್, ರೀಜೆಂಟ್ ಮುಂತಾದ ದುಬಾರಿ ಕಂಪನಿಗಳು ಟಿಪ್ಸನ್ನು ಟಿಕೆಟ್ಟಿನಲ್ಲೇ ಸೇರಿಸಿಬಿಡುತ್ತವೆ. ಬ್ರಿಟನ್ನಿನ ಪಿ ಅಂಡ್ ಓ 2019ರಲ್ಲಿ ದಿನದ ಟಿಪ್ಸನ್ನು ಕೈಬಿಟ್ಟು ದರದಲ್ಲಿ ಸೇರಿಸಿತು. ಕೆಲವೆಡೆ ಕವರ್ ಚಾರ್ಜಿನೊಳಗೇ ಸೇವಾಶುಲ್ಕ ಅಡಗಿರುತ್ತದೆ. ಊಟದ ಪ್ಯಾಕೇಜನ್ನು ಮೊದಲೇ ಕೊಂಡವರು ಸೇವಾಶುಲ್ಕವನ್ನೂ ಆಗಲೇ ಕಟ್ಟಿರುವುದುಂಟು. ಅವರ ಮುಂದೆ ಬರುವ ಚೀಟಿಯಲ್ಲಿ ಸೊನ್ನೆ ಇರುತ್ತದೆ. 'ಉಚಿತ' ಎಂದು ಕೊಟ್ಟ ಪ್ಯಾಕೇಜಿಗೂ ಕೆಲವು ಕಂಪನಿಗಳು ಅದರ ಪೂರ್ಣ ಬೆಲೆಯ ಮೇಲೆ ಸೇವಾಶುಲ್ಕ ಹಾಕುತ್ತವೆ. ಟಿಕೆಟ್ ಕೊಳ್ಳುವಾಗಲೇ ಇದನ್ನು ವಿಚಾರಿಸುವುದು ಜಾಣತನ.

ಎಲ್ಲಿ, ಯಾರಿಗೆ?

ಶುಲ್ಕ ಸೇರಿಸಿದ ಮೇಲೂ ಕೈ ಬಿಚ್ಚುವ ಸಂದರ್ಭಗಳಿವೆ. ಜಪಾನಿನ ತೆಪ್ಪನ್ಯಾಕಿ ಊಟದಲ್ಲಿ ಅತಿಥಿಗಳು ದೋಸೆಯ ಕಾವಲಿಯಂಥ ದೊಡ್ಡ ಕಬ್ಬಿಣದ ಹಲಗೆಯ ಸುತ್ತ ಕೂರುತ್ತಾರೆ. ಬಾಣಸಿಗ ಅವರ ಎದುರಿಗೇ ಸಟ್ಟುಗ ತಿರುಗಿಸುತ್ತ, ಮೊಟ್ಟೆ ಹಾರಿಸಿ ಹಿಡಿಯುತ್ತ, ಹಾಡುತ್ತ ಅಡುಗೆ ಮಾಡುತ್ತಾನೆ. ಮಕ್ಕಳಿಗಂತೂ ಸರ್ಕಸ್ಸೇ ಸರಿ. ಅವನ ಕೈಗೆ ಕೆಲವು ಡಾಲರ್ ನಗದು ಕೊಡುವುದು ರೂಢಿ. ಅದು ಕಡ್ಡಾಯವಲ್ಲ.

'ಷೆಫ್ಸ್ ಟೇಬಲ್' ಎಂಬುದು ಹತ್ತು ಹನ್ನೆರಡು ಜನರ ಸಣ್ಣ ಕೂಟ. ಅಡುಗೆಮನೆ ಸುತ್ತಿಸಿ, ಮುಖ್ಯ ಬಾಣಸಿಗನೇ ಪ್ರತಿ ಭಕ್ಷ್ಯದ ಕತೆ ಹೇಳುತ್ತಾನೆ. ಅವನಿಗೆ ಟಿಪ್ಸ್ ಚಾಚುವುದು ರೂಢಿಯಲ್ಲಿಲ್ಲ. ಕೈಕುಲುಕಿ ಮೆಚ್ಚುಗೆ ಹೇಳಿದರೆ ಅದೇ ಗೌರವ. ಹೆಚ್ಚು ಕೊಡುವ ಮನಸ್ಸಿದ್ದರೆ ಬಡಿಸಿದವರಿಗೆ. ಸಸ್ಯಾಹಾರಿ ಅಜ್ಜಿಗಾಗಿ ಅಡುಗೆಮನೆಗೆ ಮೂರು ಸಲ ಓಡಿ, ಸಾರಿನಲ್ಲಿ ಮೀನಿನ ರಸವಿಲ್ಲವೆಂದು ಖಚಿತಪಡಿಸಿಕೊಂಡು ಬಂದ ಮಾಣಿಗೆ ಐದೋ ಹತ್ತೋ ಡಾಲರ್ ಕೊಟ್ಟರೆ ಅದು ಸಲ್ಲಬೇಕಾದಲ್ಲಿ ಸಂದ ಹಣ. ಕೋಣೆಗೆ ಊಟ ತಂದವನಿಗೂ ಬಾಗಿಲಲ್ಲೇ ಒಂದೆರಡು ಡಾಲರ್ ಕೊಡುವವರಿದ್ದಾರೆ. ಕ್ಯಾಪ್ಟನ್ನಿಗಾಗಲಿ ಅಧಿಕಾರಿಗಳಿಗಾಗಲಿ ಟಿಪ್ಸ್ ಕೊಡುವಂತಿಲ್ಲ.

ಇನ್ನೊಂದು ಸೂಕ್ಷ್ಮ. ಅನ್ನ ಬೆಂದಿರಲಿಲ್ಲ, ತಡವಾಯಿತು ಎಂದು ಸಿಟ್ಟಾಗಿ ಕೌಂಟರಿಗೆ ಹೋಗಿ ದಿನದ ಟಿಪ್ಸನ್ನೇ ತೆಗೆಸಿಬಿಡುವವರಿದ್ದಾರೆ. ಹಲವು ಕಂಪನಿಗಳಲ್ಲಿ ಹಾಗೆ ತೆಗೆಸಲು ಅವಕಾಶವೂ ಇದೆ. ಆದರೆ ಆ ಹಣ ತಪ್ಪು ಮಾಡಿದವನೊಬ್ಬನದಲ್ಲ. ಕೋಣೆ ಗುಡಿಸುವವರು, ಬಡಿಸುವವರು, ಹಿಂದೆ ನಿಂತು ದುಡಿಯುವವರು ಎಲ್ಲರಿಗೂ ಹಂಚಿಹೋಗುವ ಪಾಲು ಅದು. 'ನಾನೇ ಬೇಕಾದವರಿಗೆ ನಗದು ಕೊಡುತ್ತೇನೆ' ಎಂಬುದೂ ಸರಿಹೋಗದು. ಹಾಗೆ ಪಡೆದ ನಗದನ್ನು ನೌಕರ ಒಟ್ಟು ನಿಧಿಗೆ ಒಪ್ಪಿಸಬೇಕೆಂಬ ನಿಯಮ ಕೆಲವು ಕಂಪನಿಗಳಲ್ಲಿದೆ. ಊಟ ಕೆಟ್ಟರೆ ಆಗಲೇ ಹೆಡ್ ವೇಟರಿಗೆ ಹೇಳಬೇಕು. ಬೇರೆ ತಟ್ಟೆ ಬರುತ್ತದೆ.

ಕೂಲಿಯೋ, ಭಕ್ಷೀಸೋ?

ಇಷ್ಟೆಲ್ಲ ಶಿಷ್ಟಾಚಾರದ ಹಿಂದೆ ಒಂದು ಕಹಿ ಸತ್ಯವಿದೆ. ಅಮೆರಿಕದ ನೆಲದಲ್ಲೇ ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ ಕೊಡಬೇಕಾದ ಕನಿಷ್ಠ ನಗದು ಕೂಲಿ, ಕೇಂದ್ರ ಕಾನೂನಿನ ಪ್ರಕಾರ, ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅದು ಕದಲಿಲ್ಲ. ಬಹಾಮಾಸ್, ಪನಾಮಾ ಮುಂತಾದ ದೇಶಗಳ ಬಾವುಟ ಹಾರಿಸುವ ಹಡಗುಗಳ ವಿದೇಶಿ ನೌಕರರಿಗೆ ಅಮೆರಿಕದ ಕನಿಷ್ಠ ಕೂಲಿಯ ಕಾನೂನೇ ತಾಗದು. ಮಾಣಿಯ ಮೂಲ ಸಂಬಳ ಸಣ್ಣದು. ಮನೆಗೆ ಕಳಿಸುವ ಹಣದ ದೊಡ್ಡ ಪಾಲು ಟಿಪ್ಸಿನಿಂದಲೇ ಬರಬೇಕು. 'ಭಕ್ಷೀಸು' ಎಂದು ಬಿಲ್ಲಿನಲ್ಲಿ ಬರೆದದ್ದು ನಿಜವಾಗಿ ಅವನ ಕೂಲಿ. ಕೂಲಿ ಕೊಡಬೇಕಾದವರು ಕಂಪನಿಯವರಲ್ಲವೇ ಎಂಬ ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಜಗಳವನ್ನು ಮಾಣಿಯ ತಟ್ಟೆಯ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ.

ಆತ ಆರರಿಂದ ಒಂಬತ್ತು ತಿಂಗಳ ಕರಾರಿನ ಮೇಲೆ, ವಾರದ ಏಳೂ ದಿನ ದುಡಿಯುತ್ತಾನೆ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಲೇಬೇಕೆಂದು 2013ರ ಆಗಸ್ಟಿನಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ಹೇಳುತ್ತದೆ. ಹಬ್ಬ, ಮಗುವಿನ ಹುಟ್ಟುಹಬ್ಬ, ತಂಗಿಯ ಮದುವೆ ಎಲ್ಲವೂ ಅವನಿಗೆ ಫೋನಿನಲ್ಲೇ.

ಈ ಮಾತು ಕರಾವಳಿಯ ಮನೆಗಳಿಗೆ ಹೊಸತಲ್ಲ. ಫಿಲಿಪ್ಪೀನ್ಸ್, ಇಂಡೊನೇಷ್ಯಗಳ ಜತೆಗೆ ಭಾರತವೂ ಪ್ರವಾಸಿ ಹಡಗುಗಳಿಗೆ ಬಹಳಷ್ಟು ಮಂದಿಯನ್ನು ಕಳಿಸುತ್ತದೆ. ಗೋವಾದವರಂತೆ ಮಂಗಳೂರು, ಉಡುಪಿ ಕಡೆಯ ಹುಡುಗರೂ ಅಲ್ಲಿದ್ದಾರೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಈ ಕೆಲಸಕ್ಕೆ ಹೋಗಬಯಸುವ ವಿದ್ಯಾರ್ಥಿಗಳೂ ಅವರ ತಂದೆತಾಯಿಯೂ ಎರಡು ಮಾತು ನೆನಪಿಡಬೇಕು. ಆ ಒಪ್ಪಂದಕ್ಕೆ ಭಾರತ 2015ರಲ್ಲಿ ಸೇರಿದೆ. ಅದರಂತೆ ಕೆಲಸ ಕೊಡಿಸುವುದಕ್ಕಾಗಿ ನೌಕರನಿಂದ ಏಜೆಂಟರು ಶುಲ್ಕ ಕೀಳುವಂತಿಲ್ಲ. ಏಜೆಂಟರಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇದೆಯೇ ಎಂದು ನೋಡದೆ ಸಹಿ ಹಾಕಬಾರದು. ಕರಾರಿನಲ್ಲಿ ಖಚಿತ ಸಂಬಳ ಎಷ್ಟು, ಟಿಪ್ಸಿನ ಅಂದಾಜು ಎಷ್ಟು ಎಂಬುದನ್ನೂ ಬೇರೆಬೇರೆಯಾಗಿ ಓದಬೇಕು.

ಹಡಗಿನ ನೌಕರರ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ದೇಶದ ಹೆಸರೂ ಇರುವುದುಂಟು. 'ಇಂಡಿಯಾ' ಎಂದು ಕಂಡರೆ ಊರು ಯಾವುದೆಂದು ವಿಚಾರಿಸುವ ಅಮ್ಮಂದಿರಿದ್ದಾರೆ. ತಪ್ಪಿಲ್ಲ. ಆದರೆ ಬಿಲ್ಲೆಯಲ್ಲಿ ಯಾವ ದೇಶವಿದ್ದರೂ ಆ ಹೆಸರನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಯಾನ ಮುಗಿದ ಮೇಲೆ ಕಂಪನಿ ಅಭಿಪ್ರಾಯ ಕೇಳಿ ಪತ್ರ ಕಳಿಸುತ್ತದೆ. ಅದರಲ್ಲಿ ಹೆಸರು ಹೇಳಿ ಬರೆದ ಒಂದು ಒಳ್ಳೆಯ ಮಾತು ಆ ನೌಕರನ ಬಡ್ತಿಗೆ, ಮುಂದಿನ ಕರಾರಿಗೆ ನೆರವಾಗುತ್ತದೆ. ಅದಕ್ಕೆ ಒಂದು ಸೆಂಟೂ ಖರ್ಚಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಹಡಗು ಮತ್ತೆ ಡಾಡ್ಜ್ ದ್ವೀಪಕ್ಕೆ ಬಂದು ನಿಲ್ಲುತ್ತದೆ. ಪ್ರಯಾಣಿಕರು ಪೆಟ್ಟಿಗೆ ಎಳೆದುಕೊಂಡು ಇಳಿಯುತ್ತಾರೆ. ಅವರಲ್ಲಿ ಹಲವರು ಮಯಾಮಿಯ ವಿಮಾನ ನಿಲ್ದಾಣ ತಲುಪುವಷ್ಟರಲ್ಲಿ, ಅದೇ ಮಾಣಿ ಅದೇ ಮೇಜಿಗೆ ಹೊಸ ಬಿಳಿ ಬಟ್ಟೆ ಹಾಸುತ್ತಿರುತ್ತಾನೆ.